ತಮಾಷೆಯ ಹೆಸರಿನ ಕಿರುಕುಳ ಮತ್ತು ಮಾಲೀಕನ ಹೊಣೆ

ಸಲಿಂಗಿಯೆಂಬ ಶಂಕೆಯ ಮೇಲೆ ಸಹೋದ್ಯೋಗಿಯನ್ನು ಅಡ್ಡಹೆಸರಿನಿಂದ ಕರೆಯುವುದು, ಊಟದ ವೇಳೆ ಅವನ ಪಕ್ಕದಿಂದ ಎದ್ದುಹೋಗುವುದು, ಮನೆಯವರಿಗೆ ತಿಳಿಸುವುದಾಗಿ ಬೆದರಿಸುವುದು ಮುಂತಾದವುಗಳನ್ನು ಇಂದಿಗೂ ತಮಾಷೆಯೆಂದೇ ಎಣಿಸುವ ಕಾರ್ಖಾನೆಗಳುಂಟು. ದೂರು ಬಂದರೆ, ಅದು ಅವರವರ ಖಾಸಗಿ ವಿಷಯ, ಸಂಸ್ಥೆಗೆ ಸಂಬಂಧವಿಲ್ಲವೆಂದು ಮಾಲೀಕರು ಕೈತೊಳೆದುಕೊಳ್ಳುತ್ತಾರೆ. ಲೈಂಗಿಕ ಒಲವು ಖಾಸಗಿ ವಿಷಯವೆಂಬುದು ನಿಜವೇ. ಆದರೆ ಅದನ್ನು ಯಂತ್ರದ ಬಳಿಗೆ, ಗೋದಾಮಿಗೆ ಎಳೆತಂದವನು ಕಿರುಕುಳ ಕೊಟ್ಟವನೇ ಹೊರತು ಅನುಭವಿಸಿದವನಲ್ಲ.

2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೆಯ ಕಲಮಿನ ವ್ಯಾಪ್ತಿಯಿಂದ ಹೊರಗಿಟ್ಟಿತು. ಕಾನೂನುಬಾಹಿರ ನಡತೆಯೆಂಬ ನೆಪ ಅಂದಿಗೇ ಮುಗಿಯಿತು. ಆದರೂ ತಾರತಮ್ಯದ ವಿರುದ್ಧ ಸಂವಿಧಾನವಿತ್ತ ರಕ್ಷಣೆ ಮುಖ್ಯವಾಗಿ ಸರಕಾರವನ್ನು ಕಟ್ಟುವಂಥದು. ಖಾಸಗಿ ಉದ್ಯೋಗದಲ್ಲಿ ಲೈಂಗಿಕ ಒಲವನ್ನು ಹೆಸರಿಸಿ ರಕ್ಷಿಸುವ ಪ್ರತ್ಯೇಕ ಕೇಂದ್ರ ಕಾಯ್ದೆಯಿಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯು ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿಯನ್ನು ಕಡ್ಡಾಯಗೊಳಿಸಿದೆ, ತಪ್ಪಿದರೆ 50,000 ರೂಪಾಯಿವರೆಗೆ ದಂಡವನ್ನೂ ವಿಧಿಸಿದೆ. ಆದರೆ ಅದರಡಿ ನೊಂದವರೆಂದರೆ ಮಹಿಳೆಯರು ಮಾತ್ರ. 2019ರ ತೃತೀಯ ಲಿಂಗಿಗಳ ಹಕ್ಕು ರಕ್ಷಣಾ ಕಾಯ್ದೆ ಪ್ರತಿ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಬೇಕೆಂದಿತು. ಆದರೆ ಲಿಂಗದ ಗುರುತು ಬೇರೆ, ಲೈಂಗಿಕ ಒಲವು ಬೇರೆ. ಹೀಗಿರಲು ಲೇತ್ ನಡೆಸುವ ಸಲಿಂಗಿ ಯುವಕನಿಗೆ ಉಳಿಯುವುದು ಮಾಲೀಕನ ಕೊಠಡಿಯ ಬಾಗಿಲೊಂದೇ.

ಉದ್ಯೋಗದಾತನೇ ತಿರುಗಿಬಿದ್ದರೆ ಏನಾಗುತ್ತದೆಂಬುದನ್ನು 2010ರಲ್ಲಿ ದೇಶ ಕಂಡಿದೆ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮರಾಠಿ ಪ್ರಾಧ್ಯಾಪಕ ರಾಮಚಂದ್ರ ಸಿರಾಸ್ ಅವರ ಮನೆಗೆ ಫೆಬ್ರವರಿಯಲ್ಲಿ ಕೆಲವರು ಕ್ಯಾಮೆರಾ ಹಿಡಿದು ನುಗ್ಗಿದರು. ಅಮಾನತುಗೊಂಡವರು ಮಾತ್ರ ಸಿರಾಸ್. ಏಪ್ರಿಲ್ ಆರಂಭದಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯ ಅಮಾನತಿಗೆ ತಡೆ ನೀಡಿತು. ಅದಾದ ಕೆಲವೇ ದಿನಗಳಲ್ಲಿ ಅವರು ಮನೆಯಲ್ಲಿ ಶವವಾಗಿ ದೊರೆತರು.

ಇದಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ನೇಮಕಾತಿ ಪತ್ರದಲ್ಲಿ ಇಂಥ ಅವಹೇಳನವನ್ನು ದುರ್ನಡತೆಯೆಂದು ಒಂದು ವಾಕ್ಯದಲ್ಲಿ ಸೇರಿಸಬಹುದು, ಆಂತರಿಕ ಸಮಿತಿಯಿರುವಲ್ಲಿ ಪುರುಷರ ದೂರನ್ನೂ ಸಂಸ್ಥೆಯ ನಿಯಮದಡಿ ಅದೇ ಸದಸ್ಯರಿಗೆ ಒಪ್ಪಿಸಬಹುದು. ಎಡವುವುದು ವಿಚಾರಣೆಯಲ್ಲಿ. ದೂರುದಾರನನ್ನು ಕೂರಿಸಿಕೊಂಡು, ನೀನು ನಿಜವಾಗಿ ಅಂಥವನೇ ಎಂದು ಕೇಳುವವರೇ ಹೆಚ್ಚು. ಆ ಪ್ರಶ್ನೆ ಅನಗತ್ಯ. ಪರಿಶೀಲಿಸಬೇಕಾದುದು ಎದುರಾಳಿಯ ನಡತೆಯನ್ನು. ಸುಳ್ಳು ಗುಮಾನಿಗೆ ಗುರಿಯಾದವನೂ ಅಷ್ಟೇ ನೋವುಣ್ಣುತ್ತಾನೆ. ಹಾಗೆಯೇ, ಅವನ ಒಳ್ಳೆಯದಕ್ಕೆಂದು ದೂರುದಾರನನ್ನೇ ರಾತ್ರಿ ಪಾಳಿಗೆ ಹಾಕುವುದು ಪರಿಹಾರವಲ್ಲ, ಎರಡನೆಯ ಶಿಕ್ಷೆ. ದೂರಿನ ವಿವರ ವಿಚಾರಣೆ ನಡೆಸುವವರನ್ನು ದಾಟಿ ಹೋಗಕೂಡದು. ಅದು ಅವನ ಊರಿಗೆ ತಲುಪಿದರೆ ಆಗುವ ಹಾನಿಯನ್ನು ಯಾವ ಸಂಸ್ಥೆಯೂ ತುಂಬಿಕೊಡಲಾರದು.

ರಫ್ತುದಾರರಿಗಂತೂ ಇದು ವ್ಯವಹಾರದ ಪ್ರಶ್ನೆಯೂ ಹೌದು. ವಿದೇಶಿ ಖರೀದಿದಾರರು ಮನ್ನಣೆ ನೀಡುವ ಎಸ್‌ಎ 8000 ಮಾನದಂಡವು ಲೈಂಗಿಕ ಒಲವಿನ ಆಧಾರದ ತಾರತಮ್ಯವನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ಇನ್ನುಳಿದವರ ನಷ್ಟ ಯಾವ ತಖ್ತೆಯಲ್ಲೂ ಕಾಣುವುದಿಲ್ಲ: ಮೂರು ವರ್ಷ ಪಳಗಿದ ಕೆಲಸಗಾರ ಕಾರಣ ಹೇಳದೆ ಬಿಟ್ಟುಹೋದದ್ದು ರಾಜೀನಾಮೆಯೆಂದಷ್ಟೇ ದಾಖಲಾಗುತ್ತದೆ.

ಹತ್ತಕ್ಕಿಂತ ಕಡಿಮೆ ನೌಕರರಿರುವ ಮಳಿಗೆಗಳಲ್ಲಿ ಆಂತರಿಕ ಸಮಿತಿಯ ಮಾತೇ ಬರುವುದಿಲ್ಲ. ಅಲ್ಲಿ ನಿಯಮವೂ ವಿಚಾರಣಾಧಿಕಾರಿಯೂ ಗಲ್ಲಾದ ಮುಂದೆ ಕುಳಿತ ಮಾಲೀಕನೇ. ಅಡ್ಡಹೆಸರು ಕೇಳಿ ಅವನು ನಕ್ಕನೋ, ಕೂಗಿದವನನ್ನು ಕರೆದು ಗದರಿದನೋ ಎಂಬುದನ್ನು ಹುಡುಗರು ನೋಡುತ್ತಿರುತ್ತಾರೆ.