ಉಪ್ಪಿನ ಜಾಡಿ, ಟಾರ್ಚಿನ ಸೆಲ್ಲು

ಮಕ್ಕಳೇ, ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ಉಪ್ಪಾರಪೇಟೆಯಲ್ಲಿ ಕರೆಂಟು ಹೋಯಿತು. ನಮ್ಮ ಮನೆಯಾಕೆ ಮಹಡಿಯಿಂದ ಇಳಿಯುತ್ತಿದ್ದಳು. ನಾನು ಕಪಾಟಿನಿಂದ ಟಾರ್ಚು ತೆಗೆದು ಗುಂಡಿ ಒತ್ತಿದೆ. ಮಂಕಾಗಿ ಮಿಣುಕಿತು, ಆರಿಹೋಯಿತು. ಕೊನೆಯ ಮೆಟ್ಟಿಲು ಕಾಣದೆ ಆಕೆ ಜಾರಿಬಿದ್ದಳು. ಕಾಲು ಉಳುಕಿ ಮೂರು ವಾರ ಕೋಲು ಹಿಡಿದು ಓಡಾಡಬೇಕಾಯಿತು.

"ಹೊಸದಾಗಿ ಚಾರ್ಜ್ ಮಾಡಿ ಇಟ್ಟಿದ್ದೆನಲ್ಲ!" ಎಂದೆ. ಹೊಸದಾಗಿ ಎಂದರೆ ನಾಲ್ಕು ತಿಂಗಳ ಹಿಂದೆ.

ಮರುದಿನ ಆ ಸೆಲ್ಲುಗಳನ್ನು ಎಸೆಯಲು ಹೊರಟಾಗ ಮೊಮ್ಮಗಳು ಕೈ ಹಿಡಿದಳು. "ತಾತಾ, ಇದರ ಮೇಲೆ ನಿಕಲ್ ಮೆಟಲ್ ಹೈಡ್ರೈಡ್ ಅಂತ ಬರೆದಿದೆ. ಹೈಡ್ರೈಡ್ ಅಂದ್ರೆ ಹೈಡ್ರೋಜನ್ ಇರೋದು ತಾನೆ? ಅದು ಗ್ಯಾಸ್ ಅಲ್ವಾ? ಈ ಸೆಲ್ಲಲ್ಲಿ ಹೇಗೆ ಕೂತಿರುತ್ತೆ?"

ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆದವನಿಗೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಲೈಬ್ರರಿಗೆ ಹೋಗಿ ಓದಿ ತಿಳಿದುಕೊಂಡೆ. ಅದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಪೇಟೆಯ ಹೆಸರಿನಲ್ಲೇ ಉಪ್ಪಿದೆ. ಅಡುಗೆಮನೆಯ ಉಪ್ಪಿನ ಜಾಡಿ ನೋಡಿ. ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವ ಹೀರಿ ಒದ್ದೆಯಾಗುತ್ತದೆ. ಬಿಸಿಲಿಗಿಟ್ಟರೆ ತೇವ ಬಿಟ್ಟುಕೊಟ್ಟು ಮತ್ತೆ ಉದುರುದುರಾಗುತ್ತದೆ. ಕೆಲವು ಲೋಹಗಳು ಹೈಡ್ರೋಜನ್ನನ್ನು ಹೀಗೇ ಹೀರುತ್ತವೆ. ಒಂದೇ ವ್ಯತ್ಯಾಸ: ಉಪ್ಪಿಗೆ ತೇವ ಮೇಲ್ಮೈಗೆ ಅಂಟುತ್ತದೆ, ಹೈಡ್ರೋಜನ್ನಾದರೋ ಲೋಹದ ಪರಮಾಣುಗಳ ನಡುವಿನ ಸಂದುಗಳಿಗೇ ನುಗ್ಗಿ ಕೂರುತ್ತದೆ. ಒಳಗೆ ಹೋಗುವಾಗ ಲೋಹ ಬಿಸಿಯಾಗುತ್ತದೆ. ಹೊರಗೆ ಬರಬೇಕಾದರೆ ನಾವು ಬಿಸಿ ಕೊಡಬೇಕು.

ಪಲ್ಲಾಡಿಯಂ ಎಂಬ ಲೋಹ ಹೀಗೆ ಹೈಡ್ರೋಜನ್ ಕುಡಿಯುವುದನ್ನು 1866ರಲ್ಲೇ ಥಾಮಸ್ ಗ್ರಹಾಂ ಎಂಬ ವಿಜ್ಞಾನಿ ಕಂಡಿದ್ದರು. ಆದರೆ ಅದು ಬಲು ದುಬಾರಿ ಲೋಹ. 1960ರ ದಶಕದ ಕೊನೆಗೆ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಲ್ಯಾಂಥನಮ್ ಮತ್ತು ನಿಕಲ್ ಸೇರಿದ ಮಿಶ್ರಲೋಹಕ್ಕೂ ಈ ಗುಣವಿದೆ ಎಂದು ಗೊತ್ತಾಯಿತು. ಅದರ ಒಂದು ಕಿಲೋ ತುಂಡು ಒಂದು ಕಾಫಿ ಲೋಟದಲ್ಲಿ ಹಿಡಿಸುತ್ತದೆ. ಅಷ್ಟರೊಳಗೆ ಸುಮಾರು 14 ಗ್ರಾಂ ಹೈಡ್ರೋಜನ್ ಅಡಗುತ್ತದೆ. 14 ಗ್ರಾಂ ಏನು ಮಹಾ ಎನ್ನಬೇಡಿ. ಹೊರಗೆ ಬಿಟ್ಟರೆ ಅದು ಸುಮಾರು 170 ಲೀಟರ್ ಅನಿಲ! ಮನೆಯ ಸಾಧಾರಣ ಬೆಚ್ಚಗಿನಲ್ಲೇ ಹಿಂದಕ್ಕೂ ಕೊಡುತ್ತದೆ.

ಮೆಗ್ನೀಸಿಯಂ ಇನ್ನೂ ಹೊಟ್ಟೆಬಾಕ. ಒಂದು ಕಿಲೋದಲ್ಲಿ 76 ಗ್ರಾಂ ಹಿಡಿಯುತ್ತದೆ. ಆದರೆ ವಾಪಸು ಕೊಡು ಎಂದರೆ 300 ಡಿಗ್ರಿಯಷ್ಟು ಬಿಸಿ ಕೇಳುತ್ತದೆ. ಠೇವಣಿ ತೆಗೆದುಕೊಳ್ಳುವಾಗ ನಗುನಗುತ್ತಾ, ಹಿಂದಿರುಗಿಸುವಾಗ ಹತ್ತು ಸಲ ಅಲೆಸುವವರಿದ್ದಾರಲ್ಲ, ಹಾಗೆ. ಎಷ್ಟು ತೆಗೆದುಕೊಳ್ಳುತ್ತದೆ ಎಂಬುದಷ್ಟೇ ಅಲ್ಲ, ಕೇಳಿದಾಗ ಕೊಡುತ್ತದೆಯೇ ಎಂಬುದೂ ಮುಖ್ಯ. ಈ ಎರಡು ಗುಣವೂ ಒಂದೇ ಲೋಹದಲ್ಲಿ ಸಿಗಲೆಂದು ವಿಜ್ಞಾನಿಗಳು ಇಂದಿಗೂ ಹುಡುಕುತ್ತಿದ್ದಾರೆ.

ತೂಕದ ಲೆಕ್ಕವನ್ನೂ ಮಾಡೋಣ. ಹೈಡ್ರೋಜನ್ ಕಾರೊಂದಕ್ಕೆ ಸುಮಾರು 5 ಕಿಲೋ ಹೈಡ್ರೋಜನ್ ಬೇಕು. 5000 ಗ್ರಾಂ ಅನ್ನು 14ರಿಂದ ಭಾಗಿಸಿ. ಲ್ಯಾಂಥನಮ್-ನಿಕಲ್ ಲೋಹವೇ 357 ಕಿಲೋ ಬೇಕಾಯಿತು! ಅದಕ್ಕೇ ಕಾರುಗಳಲ್ಲಿ ಹೈಡ್ರೋಜನ್ನನ್ನು ಗಾಳಿಯ ಒತ್ತಡದ 700 ಪಟ್ಟು ಒತ್ತಿ ಗಟ್ಟಿ ಸಿಲಿಂಡರಿನಲ್ಲಿ ತುಂಬುತ್ತಾರೆ. ಜರ್ಮನಿಯ 212 ವರ್ಗದ ಜಲಾಂತರ್ಗಾಮಿ ಹಡಗುಗಳಲ್ಲಿ ಮಾತ್ರ ಲೋಹದಲ್ಲೇ ಹೈಡ್ರೋಜನ್ ಕೂಡಿಡುತ್ತಾರೆ. ನೀರಿನಡಿ ಮುಳುಗಬೇಕಾದ ಹಡಗಿಗೆ ಭಾರದ ಚಿಂತೆ ಅಷ್ಟಿಲ್ಲ ನೋಡಿ.

ಈಗ ನಮ್ಮ ಟಾರ್ಚಿಗೆ ಬರೋಣ. ಆ ಸೆಲ್ಲಿನಲ್ಲಿ ಇರುವುದೂ ಇದೇ ಜಾತಿಯ ಮಿಶ್ರಲೋಹ. ಚಾರ್ಜ್ ಮಾಡುವಾಗ ಸೆಲ್ಲಿನೊಳಗಿನ ನೀರಿನಿಂದ ಹೈಡ್ರೋಜನ್ ಬಿಡಿಸಿಕೊಂಡು ಲೋಹದೊಳಗೆ ಸೇರುತ್ತದೆ. ಟಾರ್ಚು ಹಚ್ಚಿದಾಗ ಹೊರಬಂದು ಮತ್ತೆ ನೀರಾಗುತ್ತದೆ. ಆಗ ನಮಗೆ ವಿದ್ಯುತ್ತು ಸಿಗುತ್ತದೆ. ಇಲ್ಲಿ ಬಿಸಿ ಕೊಡಬೇಕಿಲ್ಲ, ವಿದ್ಯುತ್ತೇ ಹೈಡ್ರೋಜನ್ನನ್ನು ಒಳಗೆ ಹೊರಗೆ ಓಡಾಡಿಸುತ್ತದೆ. ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಕಾರಿನ ಬ್ಯಾಟರಿಯೂ ಇದೇ ಬಗೆಯದು. ಬ್ರೇಕ್ ಹಾಕಿದಾಗ ತುಂಬಿಕೊಳ್ಳುತ್ತದೆ, ಹೊರಡುವಾಗ ಕೊಡುತ್ತದೆ.

ಹಾಗಾದರೆ ನನ್ನ ಟಾರ್ಚು ಕೈಕೊಟ್ಟಿದ್ದೇಕೆ? ಹಳೆಯ ಮಾದರಿಯ ಈ ಸೆಲ್ಲುಗಳು ಸುಮ್ಮನೆ ಇಟ್ಟರೂ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತವೆ. ಸೆಲ್ಲು ಸತ್ತಿರಲಿಲ್ಲ, ಬರಿದಾಗಿತ್ತು. ತಪ್ಪು ಇಟ್ಟು ಮರೆತ ನನ್ನದು. ಈಗ ಬರುವ ಕೆಲವು ಸೆಲ್ಲುಗಳು ವರ್ಷವಾದರೂ ಹೆಚ್ಚಿನ ಪಾಲು ಉಳಿಸಿಕೊಳ್ಳುತ್ತವೆ. ಇನ್ನೊಂದು ಮಾತು: ಗೋಡೆ ಗಡಿಯಾರದ ಸಾಮಾನ್ಯ ಸೆಲ್ಲನ್ನು ಚಾರ್ಜರಿಗೆ ಹಾಕಬೇಡಿ, ಸೋರಬಹುದು, ಸಿಡಿಯಲೂಬಹುದು. ಹಾಳಾದ ಸೆಲ್ಲನ್ನು ಮನೆ ಕಸಕ್ಕೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ.

ಮೊಮ್ಮಗಳು ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಮೊದಲ ದಿನಕ್ಕೆ ಒಂದು ಟಾರ್ಚಿನ ಚಿತ್ರ ಬರೆದಿದ್ದಾಳೆ. ಅಂದು ಸೆಲ್ಲುಗಳನ್ನು ಚಾರ್ಜರಿಗೆ ಹಾಕುವುದು ನನ್ನ ಕೆಲಸ. ಆಮೇಲೆ ಟಾರ್ಚು ಹಚ್ಚಿ ಮೆಟ್ಟಿಲಿನ ಮೇಲೆ ಬೆಳಕು ಬಿಟ್ಟು ಪರೀಕ್ಷೆ ಮಾಡುವವಳು ಅವಳ ಅಜ್ಜಿ.