ಹೊಲದಲ್ಲಿ ಸಿಕ್ಕ ಹಳೆಯ ಮಡಕೆಗೆ ಕೋಟಿ ರೂಪಾಯಿ ಬೆಲೆಯೇ?

ಹಳೆಯ ಮಡಕೆಯೆಂದರೆ ಒಳಗೆ ನಿಧಿ ಇದ್ದೇ ಇರುತ್ತದೆ, ಮೇಲೆ ಬಣ್ಣದ ಗೆರೆಯಿದ್ದರಂತೂ ವಿದೇಶದಲ್ಲಿ ಕೋಟಿ ಬೆಲೆ. ಇಂಥ ಮಾತುಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತವೆ. ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಊರುಗಳ ಓದುಗರೂ ಇದನ್ನು ತಿಳಿದುಕೊಳ್ಳಬೇಕು. ಏಕೆಂದರೆ ಮಡಕೆ ಚೂರಿನಿಂದಲೇ ದೇಶದ ಇತಿಹಾಸಕ್ಕೆ ಕಾಲ ಗೊತ್ತಾದ ಜಾಗವೊಂದು ಇಲ್ಲೇ ಹತ್ತಿರದಲ್ಲಿದೆ.

1997ರವರೆಗೆ ಜಗಳೂರು ಸೇರಿದ್ದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯೇ ಆ ಜಾಗ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದರು. ಕೆಳಗಿನ ಪದರದಲ್ಲಿ ನಯಗೊಳಿಸಿದ ಕಲ್ಲುಕೊಡಲಿ, ಅದರ ಮೇಲೆ ಕಬ್ಬಿಣ ಹಾಗೂ ಕಪ್ಪು-ಕೆಂಪು ಮಡಕೆ, ಎಲ್ಲಕ್ಕಿಂತ ಮೇಲೆ ಕೆಂಗಾವಿ ಲೇಪದ, ಬಿಳಿ ಗೆರೆಗಳ ಮಡಕೆ ಸಿಕ್ಕವು. ಮೇಲಿನ ಪದರದಲ್ಲಿದ್ದ ಚುಕ್ಕೆಸಾಲಿನ ತಟ್ಟೆಯ ಚೂರುಗಳಂಥವೇ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಪಾತ್ರೆಗಳ ಜೊತೆ ಸಿಕ್ಕಿದ್ದವು. ಹಾಗಾಗಿ ಆ ಪದರ ಸುಮಾರು ಕ್ರಿ.ಶ. 1ನೇ ಶತಮಾನದ್ದೆಂದು ವೀಲರ್ ಲೆಕ್ಕ ಹಾಕಿದರು. ಆ ತಟ್ಟೆಗಳೂ ಹೊರದೇಶದವೆಂದು ಆಗ ನಂಬಲಾಗಿತ್ತು. ಅವು ಭಾರತದಲ್ಲೇ ತಯಾರಾದವೆಂದು ನಂತರದ ಮಣ್ಣಿನ ಪರೀಕ್ಷೆಗಳು ತೋರಿಸಿದವು.

ಕಪ್ಪು-ಕೆಂಪು ಮಡಕೆಯ ಕಪ್ಪು, ಬಳಿದ ಬಣ್ಣವಲ್ಲ. ಮಣ್ಣಿನಲ್ಲಿ ಕಬ್ಬಿಣದ ಅಂಶವಿರುತ್ತದೆ. ಸುಡುವಾಗ ಗಾಳಿ ತಾಗಿದ ಭಾಗ ಕೆಂಪಾಗುತ್ತದೆ, ಗಾಳಿ ಸಿಗದ ಭಾಗ ಕಪ್ಪಾಗುತ್ತದೆ. ಬೋರಲು ಹಾಕಿ ಸುಟ್ಟರೆ ಒಳಭಾಗ ಮತ್ತು ಬಾಯಿ ಕಪ್ಪು, ಹೊರಮೈ ಕೆಂಪು. ಪ್ರಾಚೀನ ಗ್ರೀಕರು ದ್ರಾಕ್ಷಾರಸಕ್ಕೆ ನೀರು ಬೆರೆಸುತ್ತಿದ್ದ 'ಕ್ರೇಟರ್' ಎಂಬ ದೊಡ್ಡ ಪಾತ್ರೆಗಳ ಹೊಳೆಯುವ ಕಪ್ಪಿಗೂ ಕಬ್ಬಿಣ ಮತ್ತು ಗಾಳಿಯ ಇದೇ ಆಟ ಕಾರಣ. ಅವರು ನುಣ್ಣನೆಯ ಮಣ್ಣಿನ ತಿಳಿಯನ್ನು ಲೇಪಿಸಿ, ಆವಿಗೆಯೊಳಗಿನ ಗಾಳಿಯನ್ನು ಮೂರು ಹಂತದಲ್ಲಿ ಬದಲಿಸುತ್ತಿದ್ದರು.

ಹಾಗಾದರೆ ಕೋಟಿ ಬೆಲೆಯ ಮಾತು ಸುಳ್ಳೇ? ಪೂರ್ತಿ ಸುಳ್ಳಲ್ಲ. ಯೂಫ್ರೋನಿಯಸ್ ಚಿತ್ರ ಬಿಡಿಸಿದ, ಸುಮಾರು 45 ಲೀಟರ್ ಹಿಡಿಸುವ ಕ್ರೇಟರ್ ಒಂದನ್ನು 1972ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸುಮಾರು 10 ಲಕ್ಷ ಡಾಲರ್‌ಗೆ ಕೊಂಡಿತು. ಆದರೆ ಅದು ಇಟಲಿಯ ಸಮಾಧಿಯಿಂದ ಕದ್ದ ಮಾಲಾಗಿತ್ತು. 2008ರಲ್ಲಿ ಇಟಲಿಗೆ ಮರಳಿತು. ಪಾತ್ರೆಯೇನೋ ವಾಪಸ್ ಬಂತು. ಸಮಾಧಿಯಲ್ಲಿ ಅದರ ಪಕ್ಕದಲ್ಲಿ ಏನಿತ್ತು, ಯಾರ ಜೊತೆ ಹೂಳಿದ್ದರು ಎಂಬ ವಿವರ ಮಾತ್ರ ಮರಳಲಿಲ್ಲ.

ನಮ್ಮ ಕಡೆ ನಿಧಿ ಆಸೆಗೆ ಕಲ್ಲುಗೋರಿ ಅಗೆದಾಗಲೂ ಆಗುವುದು ಇದೇ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಮೂಳೆ, ಮಡಕೆ ಮತ್ತು ತುಕ್ಕು ಹಿಡಿದ ಕಬ್ಬಿಣ. ಚೂರು ಯಾವ ಪದರದಲ್ಲಿ, ಯಾವುದರ ಜೊತೆ ಇತ್ತು ಎಂಬುದೇ ಅದರ ನಿಜವಾದ ಬೆಲೆ. ಗುದ್ದಲಿ ಬಿದ್ದ ಮೇಲೆ ಅದನ್ನು ಮತ್ತೆ ಜೋಡಿಸಲಾಗದು.

ಕಾನೂನೂ ಸ್ಪಷ್ಟವಾಗಿದೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ 100 ವರ್ಷ ದಾಟಿದ ಪ್ರಾಚ್ಯವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ವಿದೇಶಕ್ಕೆ ಕಳಿಸುವಂತಿಲ್ಲ.

ಉಳುವಾಗ ಇಂಥದ್ದೇನಾದರೂ ಕಂಡರೆ ಅಲ್ಲಿಗೇ ಅಗೆತ ನಿಲ್ಲಿಸಿ. ಇದ್ದ ಜಾಗದಲ್ಲೇ ಫೋಟೊ ತೆಗೆದು ತಹಶೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ. ಜಾಗದ ಗುರುತನ್ನು ಮಾತ್ರ ಗ್ರೂಪ್‌ಗಳಲ್ಲಿ ಹಾಕಬೇಡಿ. ಅದನ್ನು ಮೊದಲು ನೋಡುವವರು ನಿಧಿಗಳ್ಳರೇ ಆಗಿರಬಹುದು.