ಟೈರಿಗೆ ನಿಯಮವಿದೆ, ವೀಲ್ ಕ್ಯಾಪನ್ನು ಕೇಳುವವರಿಲ್ಲ



ಬಿಸಿಲು ಏರಿತೆಂದರೆ ಹೆದ್ದಾರಿಯಲ್ಲಿ ಟೈರ್ ಸಿಡಿದು ಕಾರು ಪಲ್ಟಿಯಾದ ಸುದ್ದಿ ಬರತೊಡಗುತ್ತದೆ. ಸಾರಿಗೆ ಇಲಾಖೆಯೂ ಪೊಲೀಸರೂ ಹೇಳುವ ಬುದ್ಧಿಮಾತು ಒಂದೇ: ವೇಗ ತಗ್ಗಿಸಿ, ಸವೆದ ಟೈರ್ ಬದಲಿಸಿ, ಗಾಳಿ ನೋಡಿಕೊಳ್ಳಿ. ಮಾತು ಸರಿಯೇ. ಆದರೆ ಗಾಳಿ ನೋಡಲು ಅಡ್ಡಬರುವ, ಕೆಲವೊಮ್ಮೆ ಗಾಳಿಯನ್ನೇ ಇಳಿಸಿಬಿಡುವ ವಸ್ತುವೊಂದು ಚಕ್ರದ ಮೇಲೇ ಹೊಳೆಯುತ್ತ ಕೂತಿದೆ. ಬಿಡಿಭಾಗದ ಅಂಗಡಿಗಳಲ್ಲಿ, ರಸ್ತೆಬದಿಯಲ್ಲಿ ನಾಲ್ಕರ ಸೆಟ್ಟಾಗಿ ಮಾರುವ ಅಗ್ಗದ ಪ್ಲಾಸ್ಟಿಕ್ ವೀಲ್ ಕ್ಯಾಪಿನ ವಿಷಯ ಹೇಳುತ್ತಿದ್ದೇನೆ.

ಕಾರಿನ ಕಂಪನಿಯೇ ಕೊಡುವ ಕ್ಯಾಪಿನ ಬಗ್ಗೆ ನನ್ನ ತಕರಾರಿಲ್ಲ. ಅದು ಆ ರಿಮ್ಮಿನ ಅಳತೆಗೇ ಮಾಡಿದ್ದು, ವಾಲ್ವಿಗೆ ಜಾಗ ಬಿಟ್ಟೇ ಅಚ್ಚು ಹಾಕಿದ್ದು. ಹೊರಗೆ ಸಿಗುವುದನ್ನು ‘ಹದಿನಾಲ್ಕು ಇಂಚು, ಎಲ್ಲಾ ಗಾಡಿಗೂ ಆಗುತ್ತೆ ಸಾರ್’ ಎಂದು ಕೈಗಿಡುತ್ತಾರೆ. ಇಂಚು ಒಂದೇ ಆದರೂ ರಿಮ್ಮಿನ ಅಂಚು, ಒಳಗಿನ ಆಳ ಗಾಡಿಯಿಂದ ಗಾಡಿಗೆ ಬೇರೆ. ಹಿಂಬದಿಯ ತಂತಿಬಳೆ ಸರಿಯಾಗಿ ಕಚ್ಚಿಕೊಳ್ಳದಿದ್ದರೆ ಕ್ಯಾಪು ಬ್ರೇಕ್ ಹಾಕಿದಾಗಲೆಲ್ಲ ಒಂದಿಷ್ಟು ಜರುಗುತ್ತದೆ. ಜರುಗಿ ಜರುಗಿ ವಾಲ್ವನ್ನು ಒತ್ತಿ ಬಾಗಿಸುತ್ತದೆ. ಟ್ಯೂಬ್‌ಲೆಸ್ ಚಕ್ರದಲ್ಲಿ ಈ ವಾಲ್ವ್ ಸಾಮಾನ್ಯವಾಗಿ ರಿಮ್ಮಿಗೆ ಸಿಕ್ಕಿಸಿದ ರಬ್ಬರಿನದು. ಅದರ ಬುಡ ಬಿರಿದರೆ ಗಾಳಿ ಸದ್ದಿಲ್ಲದೆ ಸೋರುತ್ತದೆ. ಪಂಕ್ಚರ್ ಅಂಗಡಿಯವನು ಟೈರನ್ನೆಲ್ಲ ತಡಕಿದರೂ ಮೊಳೆ ಸಿಗದು. ಗಾಳಿ ಕಡಿಮೆಯಾದ ಟೈರು ಸುತ್ತು ಸುತ್ತಿಗೂ ಅತಿಯಾಗಿ ಮಣಿದು ಒಳಗೇ ಕಾಯುತ್ತದೆ. ಅದರ ಮೇಲೆ ಮನೆಮಂದಿ, ಲಗೇಜು, ಎಕ್ಸ್‌ಪ್ರೆಸ್‌ವೇ ವೇಗ ಬಿದ್ದರೆ ಸಿಡಿಯಲು ಇನ್ನೇನು ಬೇಕು? ಹೊಸ ಟೈರಾದರೂ ಅಷ್ಟೆ.

ಇನ್ನು ಟೈರಿನ ಪಕ್ಕೆ. ನೆಲಕ್ಕೆ ತಾಗುವ ಕಡೆ ದಪ್ಪ ರಬ್ಬರೂ ಉಕ್ಕಿನ ತಂತಿಯ ಪಟ್ಟಿಯೂ ಇರುತ್ತವೆ, ಪಕ್ಕೆಗೆ ಆ ರಕ್ಷಣೆಯಿಲ್ಲ. ರಿಮ್ಮಿನಿಂದಾಚೆ ಚಾಚಿದ ಕ್ಯಾಪಿನ ಅಂಚು ಅಲ್ಲಿ ಉಜ್ಜಿ ಉಜ್ಜಿ ಗೀರು ಮಾಡಿ ಒಳಗಿನ ನೂಲು ಕಂಡರೆ ತೇಪೆ ಹಾಕುವ ಹಾಗಿಲ್ಲ, ಟೈರೇ ಹೋಯಿತು. ಕ್ಯಾಪು ಹಾರಿಹೋಗದಿರಲೆಂದು ಪ್ಲಾಸ್ಟಿಕ್ ಟ್ಯಾಗಿನಿಂದ ರಿಮ್ಮಿಗೆ ಬಿಗಿಸಿಕೊಳ್ಳುವ ಜಾಣರೂ ಇದ್ದಾರೆ. ಅಂಥವರಿಗೆ ಬಂಕಿನ ಹುಡುಗ ‘ಗಾಳಿ ನೋಡಲು ಕ್ಯಾಪು ಬಿಚ್ಚಬೇಕು’ ಎಂದರೆ ‘ಮುಂದಿನ ಸಲ ನೋಡೋಣ ಬಿಡಪ್ಪ’ ಎನ್ನುತ್ತಾರೆ. ಕಟ್ಟದಿದ್ದರೆ ಗುಂಡಿಗೆ ಬಿದ್ದ ಏಟಿಗೆ ಕ್ಯಾಪು ಕಳಚಿ ಹಿಂದೆ ಬರುವ ಬೈಕಿನವನ ಮೇಲೆ.

ನಿಯಮಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಕಾರಿನ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ. ರಿಮ್ಮಿಗೂ 2020ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶ ಬಂತು. ಕಾರಿನ ಟೈರಿನ ಟ್ರೆಡ್ಡಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಗಾಜಿನ ಕಪ್ಪು ಫಿಲಂ ಬೇಡವೆಂದು 2012ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಕಾರಿನ ಮುಂದೆ ಹಾಕಿಸುವ ಬುಲ್ ಬಾರ್ ಮೇಲೆ ಕ್ರಮ ಕೈಗೊಳ್ಳಿ ಎಂದು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆಯಿತು. ಫಿಲಂ, ಬುಲ್ ಬಾರ್ ದೂರದಿಂದಲೇ ಕಾಣುತ್ತವೆ, ದಂಡ ಹಾಕುವುದೂ ಸುಲಭ. ಬಾಗಿದ ವಾಲ್ವ್ ಕಾಣಬೇಕಾದರೆ ಯಾರಾದರೂ ಬಗ್ಗಬೇಕು.

ಬಗ್ಗಿ ನೋಡಲು ಅವಕಾಶವಂತೂ ಇದೆ. ಹಳದಿ ಬೋರ್ಡಿನ ಟ್ಯಾಕ್ಸಿಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಬರಲೇಬೇಕು. ಅವುಗಳಲ್ಲಿ ಹೆಚ್ಚಿನವು ಉಕ್ಕಿನ ರಿಮ್ಮಿನ ಮೇಲೆ ಕ್ಯಾಪು ಹಾಕಿದವೇ. ನಾಲ್ಕೂ ಕ್ಯಾಪು ಬಿಚ್ಚಿಸಿ ವಾಲ್ವಿನ ಬುಡ, ಟೈರಿನ ಪಕ್ಕೆ, ಚಕ್ರದ ನಟ್ಟು ನೋಡುವುದು ಬ್ರೇಕ್ ಇನ್‌ಸ್ಪೆಕ್ಟರಿಗೆ ಕೆಲವೇ ನಿಮಿಷದ ಕೆಲಸ. ಜೊತೆಗೆ, ಯಾವ ಯಾವ ಮಾದರಿಯ ಕಾರಿಗೆ ಹೊಂದುತ್ತದೆಂದು ಪೊಟ್ಟಣದ ಮೇಲೆ ಅಚ್ಚಾಗದ ಕ್ಯಾಪು ಮಾರುಕಟ್ಟೆಗೆ ಬರಬಾರದು. ಇದು ಕೇಂದ್ರದ ಕೆಲಸ, ತಡವಾದೀತು. ಎಫ್‌ಸಿಯ ವಿಷಯದಲ್ಲಿ ಸಾರಿಗೆ ಆಯುಕ್ತರ ಒಂದು ಸುತ್ತೋಲೆ ಸಾಕು. ಬರುವ ಬೇಸಿಗೆಗೆ ಮುಂಚೆ ಅದನ್ನು ಹೊರಡಿಸಲಿ.

– ಒಬ್ಬ ಓದುಗ, ತುಮಕೂರು